ಐಲ್ಯಾಂಡ್ ಆದ ಮೈಕ್ರೋಗ್ರಿಡ್‌ನ ಲೋಡ್ ಫ್ಲೋ ಕೈಕೊಟ್ಟಾಗ: ದೋಷ ಎಲ್ಲಿದೆ ಅಂತ ಹುಡುಕುವ ಬಗೆ

ಮೈಕ್ರೋಗ್ರಿಡ್ ಅಂದರೆ ತನ್ನದೇ ಪವರ್ ಮೂಲಗಳಿರುವ ಚಿಕ್ಕ ವಿದ್ಯುತ್ ಜಾಲ. ದೊಡ್ಡ ಗ್ರಿಡ್‌ನಿಂದ ಕಳಚಿ ತಾನೇ ಓಡುವಾಗ ಅದು ಐಲ್ಯಾಂಡ್. ಲೋಡ್ ಫ್ಲೋ ಅಂದರೆ ಆ ಜಾಲದಲ್ಲಿ ಎಲ್ಲಿ ಎಷ್ಟು ವೋಲ್ಟೇಜ್, ಯಾರು ಎಷ್ಟು ಪವರ್ ಕೊಡುತ್ತಾರೆ ಅನ್ನುವ ಲೆಕ್ಕ. ಸುತ್ತು ಸುತ್ತಾಗಿ (ಇಟರೇಶನ್) ತಿದ್ದುತ್ತಾ ಅದು ಒಂದು ಉತ್ತರಕ್ಕೆ ಬಂದು ನಿಂತರೆ ಕನ್ವರ್ಜ್ ಆಯಿತು ಅನ್ನುತ್ತೇವೆ. ನಾನು ಮೊದಲ ಸಲ ಐಲ್ಯಾಂಡ್ ಮೋಡ್‌ನ ಲೋಡ್ ಫ್ಲೋ ಓಡಿಸಿದಾಗ ಅದು ನಾಲ್ಕೇ ಇಟರೇಶನ್‌ಗೆ ಕನ್ವರ್ಜ್ ಆಯಿತು. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ವೋಲ್ಟೇಜ್‌ಗಳೆಲ್ಲ ಚೆನ್ನಾಗಿಯೇ ಇದ್ದವು. ಖುಷಿಯಿಂದ ರಿಪೋರ್ಟ್ ಬರೆಯಲು ಕೂತೆ. ಅರ್ಧ ಬರೆದ ಮೇಲೆ ಟೇಬಲ್‌ನ ಒಂದು ಸಾಲು ಕಣ್ಣಿಗೆ ಬಿತ್ತು. 50 ಕಿಲೋವ್ಯಾಟ್‌ನ ಇನ್ವರ್ಟರ್ 67 ಕಿಲೋವ್ಯಾಟ್ ಕೊಡುತ್ತಿತ್ತು!

ತಪ್ಪು ಸಾಫ್ಟ್‌ವೇರ್‌ನದ್ದಲ್ಲ, ನನ್ನದು. ಗ್ರಿಡ್‌ಗೆ ಜೋಡಿಸಿದ್ದಾಗಿನ ಹಳೆಯ ಮಾಡೆಲ್ ತೆಗೆದುಕೊಂಡಿದ್ದೆ. ಗ್ರಿಡ್ ಬ್ರೇಕರ್ ಓಪನ್ ಮಾಡಿ, ಸ್ಲ್ಯಾಕ್ ಬಸ್ ಪಟ್ಟವನ್ನು ಎಲ್ಲಕ್ಕಿಂತ ದೊಡ್ಡ ಇನ್ವರ್ಟರ್‌ಗೆ ಕಟ್ಟಿದ್ದೆ. ಬಸ್ ಅಂದರೆ ಜಾಲದಲ್ಲಿ ತಂತಿಗಳು ಬಂದು ಸೇರುವ ಜಾಗ. ಸ್ಲ್ಯಾಕ್ ಬಸ್ ಅಂದರೆ ಕಡಿಮೆ ಬಿದ್ದದ್ದನ್ನೆಲ್ಲ ತುಂಬಿಕೊಡುವ ಬಸ್. ಅದಕ್ಕೆ ಮಿತಿ ಅನ್ನುವುದೇ ಗೊತ್ತಿಲ್ಲ. ಹಿಂದೆ ದೊಡ್ಡ ಗ್ರಿಡ್ ಇದ್ದಾಗ ಅದು ಸರಿ. ಹಿಂದೆ ಇರುವುದು ಒಂದು ಬ್ಯಾಟರಿ ಬ್ಯಾಂಕ್ ಮಾತ್ರ ಅಂದರೆ ಅದು ಶುದ್ಧ ಸುಳ್ಳು.

ಇಂಥ ಲೆಕ್ಕದಲ್ಲಿ ಎರಡು ಥರ ಕಾಯಿಲೆ ಇರುತ್ತದೆ. ಒಂದು, ಕನ್ವರ್ಜ್ ಆಗದೆ ಒದ್ದಾಡುವುದು. ಇನ್ನೊಂದು, ನೀಟಾಗಿ ಕನ್ವರ್ಜ್ ಆಗಿ ಸುಳ್ಳು ಹೇಳುವುದು. ಮೊದಲನೆಯದು ತಾನಾಗಿ ಕೂಗಿ ಹೇಳುತ್ತದೆ. ಎರಡನೆಯದನ್ನು ನಾವೇ ಹುಡುಕಬೇಕು. ಹಾಗಾಗಿ ಅದರಿಂದಲೇ ಶುರು ಮಾಡುತ್ತೇನೆ.

ಮೊದಲು ಕಾಗದದ ಮೇಲೆ ಒಂದು ಲೆಕ್ಕ

ಸಾಲ್ವರ್ ಮುಟ್ಟುವ ಮೊದಲು ಫ್ರೀಕ್ವೆನ್ಸಿ ಎಷ್ಟು ಬರಬೇಕು ಅಂತ ಕೈಯಲ್ಲಿ ಲೆಕ್ಕ ಹಾಕಿ. ಎರಡು ನಿಮಿಷದ ಕೆಲಸ. ನನ್ನ ಅನುಭವದಲ್ಲಿ ಇದರಷ್ಟು ಉಪಯೋಗಕ್ಕೆ ಬಂದ ಚೆಕ್ ಬೇರೆ ಇಲ್ಲ.

ಐಲ್ಯಾಂಡ್ ಮೋಡ್‌ನಲ್ಲಿ ಫ್ರೀಕ್ವೆನ್ಸಿಯನ್ನು ಹಿಡಿದಿಡಲು ಹೊರಗಿನವರು ಯಾರೂ ಇಲ್ಲ. ಇನ್ವರ್ಟರ್‌ಗಳು ಡ್ರೂಪ್‌ನಲ್ಲಿ ಓಡುತ್ತವೆ. ಅಂದರೆ ಹೆಚ್ಚು ಪವರ್ ಕೊಟ್ಟಷ್ಟೂ ತಮ್ಮ ಫ್ರೀಕ್ವೆನ್ಸಿಯನ್ನು ಸ್ವಲ್ಪ ಇಳಿಸುತ್ತವೆ. ಸ್ಥಿರ ಸ್ಥಿತಿಯಲ್ಲಿ ಇಡೀ ಜಾಲದ ಫ್ರೀಕ್ವೆನ್ಸಿ ಒಂದೇ. ಹಾಗಾಗಿ ಯಾರು ಎಷ್ಟು ಹೊರಬೇಕು ಅನ್ನುವುದು ತಾನಾಗಿ ತೀರ್ಮಾನವಾಗುತ್ತದೆ, ನಡುವೆ ಮಾತುಕತೆಯೇ ಬೇಕಿಲ್ಲ.

ಈ ಬರಹದುದ್ದಕ್ಕೂ ಒಂದು ಚಿಕ್ಕ ಜಾಲ ಇಟ್ಟುಕೊಳ್ಳೋಣ. ಮೂರು ಇನ್ವರ್ಟರ್: 50, 30 ಮತ್ತು 20 ಕಿಲೋವ್ಯಾಟ್. ಲೋಡ್ ಇಲ್ಲದಾಗ ಮೂರೂ 50 ಹರ್ಟ್ಸ್. ಮೂರಕ್ಕೂ 2 ಪರ್ಸೆಂಟ್ ಡ್ರೂಪ್, ಅಂದರೆ ಪೂರ್ತಿ ಲೋಡ್‌ಗೆ 1 ಹರ್ಟ್ಸ್ ಇಳಿತ. ಆಗ ಡ್ರೂಪ್ ಗುಣಾಂಕಗಳು ಕಿಲೋವ್ಯಾಟ್‌ಗೆ 0.02, 0.0333 ಮತ್ತು 0.05 ಹರ್ಟ್ಸ್. ಇವನ್ನು ತಲೆಕೆಳಗು ಮಾಡಿ ಕೂಡಿಸಿ: 50 + 30 + 20 = 100. ಅಂದರೆ ಫ್ರೀಕ್ವೆನ್ಸಿ 1 ಹರ್ಟ್ಸ್ ಇಳಿದರೆ ಮೂರೂ ಸೇರಿ 100 ಕಿಲೋವ್ಯಾಟ್ ಕೊಡುತ್ತವೆ.

ಲೋಡ್ 60 ಕಿಲೋವ್ಯಾಟ್ ಇದ್ದರೆ ಇಳಿತ 0.6 ಹರ್ಟ್ಸ್, ಫ್ರೀಕ್ವೆನ್ಸಿ 49.4. ಹಂಚಿಕೆ 30, 18, 12. ತಂತಿಯಲ್ಲಿ 2 ಕಿಲೋವ್ಯಾಟ್ ನಷ್ಟ ಸೇರಿಸಿದರೆ 49.38. ಅಷ್ಟೇ. ಸಾಲ್ವರ್ ಇದರ ಅಕ್ಕಪಕ್ಕದ ಉತ್ತರ ಕೊಡದಿದ್ದರೆ ಮುಂದೆ ಹೋಗಬೇಡಿ.

ನನ್ನ ಆ 67 ಕಿಲೋವ್ಯಾಟ್ ಕೇಸನ್ನೇ ಇದರಲ್ಲಿ ನೋಡಿ. ಲೋಡ್ 90, ನಷ್ಟ 2. ಚಿಕ್ಕ ಇನ್ವರ್ಟರ್‌ಗಳಿಗೆ 15 ಮತ್ತು 10 ಅಂತ ಗಟ್ಟಿಯಾಗಿ ಬರೆದಿಟ್ಟಿದ್ದೆ. ಉಳಿದ 67 ಸ್ಲ್ಯಾಕ್ ತಲೆಗೆ. ನಿಜವಾದ ಜಾಲದಲ್ಲಿ ಫ್ರೀಕ್ವೆನ್ಸಿ 49.08ಕ್ಕೆ ಇಳಿದು ಹಂಚಿಕೆ 46, 27.6, 18.4 ಆಗುತ್ತದೆ. ಯಾರಿಗೂ ಓವರ್‌ಲೋಡ್ ಇಲ್ಲ. ನಾನು ಮಾತ್ರ ದೊಡ್ಡ ಇನ್ವರ್ಟರ್ ಸಾಕಾಗಲ್ಲ ಅಂತ ಬರೆಯಲು ಹೊರಟಿದ್ದೆ.

ಫ್ರೀಕ್ವೆನ್ಸಿ ಸರಿಯಾಗಿ 50.000 ಬಂದರೆ

ಲೋಡ್ ಬದಲಾದರೂ ಫ್ರೀಕ್ವೆನ್ಸಿ ಕದಲುತ್ತಿಲ್ಲ ಅಂದರೆ ಎಲ್ಲೋ ಒಂದು ಸ್ಲ್ಯಾಕ್ ಬಸ್ ಕೂತಿದೆ. ಕೆಲವು ಸಲ ನೀವು ಇಟ್ಟದ್ದೇ ಅಲ್ಲ. ಮ್ಯಾಟ್‌ಪವರ್, ಪಾಂಡಾಪವರ್ ಥರದ ಸಾಮಾನ್ಯ ಲೋಡ್ ಫ್ಲೋ ಸಾಧನಗಳು ಒಂದು ರೆಫರೆನ್ಸ್ ಬಸ್ ಇದೆ ಅಂದುಕೊಂಡೇ ಕಟ್ಟಿದವು. ಅವುಗಳ ಮೂಲ ನ್ಯೂಟನ್ ವಿಧಾನ 1967ರಲ್ಲಿ ಟಿನ್ನಿ ಮತ್ತು ಹಾರ್ಟ್ ದೊಡ್ಡ ಗ್ರಿಡ್‌ಗಳಿಗೆ ಹೊಂದಿಸಿ ಕೊಟ್ಟದ್ದು. ಅಲ್ಲಿ ಸ್ಲ್ಯಾಕ್ ಇಡುವುದರಲ್ಲಿ ಅನ್ಯಾಯ ಏನೂ ಇರಲಿಲ್ಲ.

ಆದರೆ 50.000 ಕಂಡ ತಕ್ಷಣ ಮಾಡೆಲ್ ತಪ್ಪು ಅಂತ ತೀರ್ಪು ಕೊಡಬೇಡಿ. ಮೊದಲು ಜಾಲದಲ್ಲಿ ನಿಜವಾಗಿ ಯಾರು ಫ್ರೀಕ್ವೆನ್ಸಿ ಹಿಡಿದಿದ್ದಾರೆ ಅಂತ ಕೇಳಿ. ಒಂದು ಡೀಸೆಲ್ ಜನರೇಟರ್ ಐಸೋಕ್ರೋನಸ್ ಗವರ್ನರ್‌ನಲ್ಲಿ (ಲೋಡ್ ಎಷ್ಟೇ ಇದ್ದರೂ ವೇಗ ಬದಲಾಗದಂತೆ ಹಿಡಿಯುವ ನಿಯಂತ್ರಕ) ಓಡುತ್ತಿದ್ದರೆ, ಅಥವಾ ಒಂದೇ ಬ್ಯಾಟರಿ ಇನ್ವರ್ಟರ್ ಸ್ಥಿರ ವೋಲ್ಟೇಜ್, ಸ್ಥಿರ ಫ್ರೀಕ್ವೆನ್ಸಿ ಮೋಡ್‌ನಲ್ಲಿದ್ದು ಉಳಿದವು ಅದನ್ನು ಹಿಂಬಾಲಿಸುತ್ತಿದ್ದರೆ, ಸ್ಲ್ಯಾಕ್ ಮಾಡೆಲ್ ಪೂರ್ತಿ ಸರಿ. ಆಗ ನೋಡಬೇಕಾದ್ದು ಒಂದೇ: ಅದು ಕೊಡುವ ಪವರ್ ತನ್ನ ರೇಟಿಂಗ್ ಒಳಗಿದೆಯಾ? ಸಾಲ್ವರ್ ಅದನ್ನು ತಾನಾಗಿ ನೋಡುವುದಿಲ್ಲ.

ಹಾಗೇ ಸೋಲಾರ್ ಇನ್ವರ್ಟರ್‌ಗಳಿಗೆಲ್ಲ ಸುಮ್ನೆ ಡ್ರೂಪ್ ಹಚ್ಚಬೇಡಿ. ಬಿಸಿಲಿನಿಂದ ಸಿಕ್ಕಷ್ಟನ್ನು ತಳ್ಳುವ ಇನ್ವರ್ಟರ್ ಸಾಮಾನ್ಯವಾಗಿ ಗ್ರಿಡ್ ಹಿಂಬಾಲಿಸುವ ಜಾತಿ. ಅದು ಮಾಡೆಲ್‌ನಲ್ಲಿ ಪಿಕ್ಯೂ ಬಸ್, ಅಂದರೆ ಪಿ (ಕೆಲಸ ಮಾಡುವ ಪವರ್) ಮತ್ತು ಕ್ಯೂ (ಕೆಲಸ ಮಾಡದೆ ಜಾಲದಲ್ಲಿ ಹೋಗಿ ಬರುವ ರಿಯಾಕ್ಟಿವ್ ಪವರ್) ಎರಡೂ ಮೊದಲೇ ಗೊತ್ತಿರುವ ಬಸ್. ಡ್ರೂಪ್ ಇರುವುದು ಗ್ರಿಡ್ ಕಟ್ಟಿಕೊಡುವ ಇನ್ವರ್ಟರ್‌ಗಳಿಗೆ.

ಹಂಚಿಕೆ ಸರಿ, ಫ್ರೀಕ್ವೆನ್ಸಿ ಹುಚ್ಚು

ಯೂನಿಟ್ ತಪ್ಪುಗಳು ಒಂದೊಂದೂ ತನ್ನದೇ ಗುರುತು ಬಿಟ್ಟು ಹೋಗುತ್ತವೆ. ಗುರುತು ಗೊತ್ತಿದ್ದರೆ ಕೋಡ್ ತೆರೆಯದೇ ದೋಷ ಹೇಳಬಹುದು.

ಡ್ರೂಪ್ ಗುಣಾಂಕವನ್ನು ರೇಡಿಯನ್ ಪ್ರತಿ ಸೆಕೆಂಡ್‌ನಲ್ಲಿ ಕೊಟ್ಟು, ಪ್ರೋಗ್ರಾಮ್ ಅದನ್ನು ಹರ್ಟ್ಸ್ ಅಂತ ಓದಿತು ಅಂದುಕೊಳ್ಳಿ. ಎಲ್ಲ ಗುಣಾಂಕಗಳೂ 6.28 ಪಟ್ಟು ದೊಡ್ಡದಾದವು. 60 ಕಿಲೋವ್ಯಾಟ್‌ಗೆ ಇಳಿತ 0.6 ಬದಲು 3.77 ಹರ್ಟ್ಸ್. ಫ್ರೀಕ್ವೆನ್ಸಿ 46.23. ಆದರೆ ಹಂಚಿಕೆ? ಅದೇ 30, 18, 12! ಎಲ್ಲರೂ ಒಂದೇ ಪ್ರಮಾಣದಲ್ಲಿ ಕೆಟ್ಟರೆ ಹಂಚಿಕೆ ಕೆಡುವುದಿಲ್ಲ. ಹಾಗಾಗಿ ಹಂಚಿಕೆ ಮಾತ್ರ ನೋಡುವವರಿಗೆ ಈ ದೋಷ ಕಾಣುವುದೇ ಇಲ್ಲ.

ಒಂದೇ ಇನ್ವರ್ಟರ್‌ನ ಡೇಟಾ ಬೇರೆ ಯೂನಿಟ್‌ನಲ್ಲಿದ್ದರೆ ಚಿತ್ರ ಬೇರೆ. 30 ಕಿಲೋವ್ಯಾಟ್‌ನದ್ದು ಮಾತ್ರ ರೇಡಿಯನ್‌ನಲ್ಲಿದೆ ಅನ್ನಿ. ಅದರ ಗುಣಾಂಕ 0.2094 ಆಗುತ್ತದೆ. ತಲೆಕೆಳಗು ಮಾಡಿದರೆ 30ರ ಬದಲು 4.77. ಮೊತ್ತ 74.77. ಫ್ರೀಕ್ವೆನ್ಸಿ 49.2 ಹತ್ತಿರ ಬರುತ್ತದೆ, ನೋಡಲು ಏನೂ ಅನುಮಾನ ಬರಲ್ಲ. ಆದರೆ ಹಂಚಿಕೆ 40.1, 3.8, 16. ನಡುವಿನವನು ಕೈಕಟ್ಟಿ ಕೂತಿದ್ದಾನೆ. ಇಂಥದ್ದು ಕಂಡರೆ ಆ ಒಬ್ಬನ ಡೇಟಾ ಶೀಟ್ ತೆಗೆಯಿರಿ. ಬರಬೇಕಾದ್ದಕ್ಕೂ ಬಂದದ್ದಕ್ಕೂ ಇರುವ ಅನುಪಾತವನ್ನು ಫ್ರೀಕ್ವೆನ್ಸಿ ಇಳಿತದ ಲೆಕ್ಕದಲ್ಲಿ ನೋಡಿ. 6.28 ಹೊರಬಿದ್ದರೆ ಕಳ್ಳ ಸಿಕ್ಕಂತೆ.

ಮೂರನೆಯದು ಪರ್ ಯೂನಿಟ್ ಬೇಸ್, ಅಂದರೆ ಅಂಕೆಗಳನ್ನು ಯಾವುದರ ಪಾಲಾಗಿ ಬರೆಯುತ್ತೇವೋ ಆ ಅಳತೆ. 2 ಪರ್ಸೆಂಟ್ ಅನ್ನುವುದು ಆಯಾ ಇನ್ವರ್ಟರ್‌ನ ಸ್ವಂತ ರೇಟಿಂಗ್ ಮೇಲಿನ ಮಾತು. ಅದನ್ನು ಬದಲಿಸದೆ 100 ಕೆವಿಎ ಸಿಸ್ಟಮ್ ಬೇಸ್‌ಗೆ ತುರುಕಿದರೆ ಮೂರಕ್ಕೂ ಕಿಲೋವ್ಯಾಟ್‌ಗೆ 0.01 ಹರ್ಟ್ಸ್ ಆಗುತ್ತದೆ. ಫ್ರೀಕ್ವೆನ್ಸಿ 49.8, ಹಂಚಿಕೆ 20, 20, 20. ಸಮಪಾಲು! ನೋಡಲು ಎಷ್ಟು ನ್ಯಾಯವಾಗಿದೆ ಅಲ್ವಾ. ಆದರೆ ಚಿಕ್ಕ ಇನ್ವರ್ಟರ್ ಪೂರ್ತಿ ಲೋಡ್‌ನಲ್ಲಿ ಬೆವರುತ್ತಿದೆ, ದೊಡ್ಡದು ಅರ್ಧಕ್ಕಿಂತ ಕಡಿಮೆ ಕೆಲಸದಲ್ಲಿದೆ. ಬೇರೆ ಬೇರೆ ರೇಟಿಂಗ್ ಇದ್ದೂ ಹಂಚಿಕೆ ಸಮ ಬಂದರೆ ಬೇಸ್ ತಪ್ಪಿದೆ ಅಂತಲೇ ಹಿಡಿಯಿರಿ.

ರಿಯಾಕ್ಟಿವ್ ಪವರ್‌ಗೆ ಈ ಪರೀಕ್ಷೆ ನಡೆಯುವುದಿಲ್ಲ. ಕ್ಯೂ ಹೆಚ್ಚು ಕೊಟ್ಟಷ್ಟೂ ಇನ್ವರ್ಟರ್ ಇಳಿಸುವುದು ತನ್ನ ವೋಲ್ಟೇಜನ್ನು. ಫ್ರೀಕ್ವೆನ್ಸಿ ಎಲ್ಲರಿಗೂ ಒಂದೇ, ವೋಲ್ಟೇಜ್ ಹಾಗಲ್ಲ. ಪ್ರತಿ ಬಸ್‌ನಲ್ಲೂ ಬೇರೆ. ಹಾಗಾಗಿ ಕ್ಯೂ ಹಂಚಿಕೆ ರೇಟಿಂಗ್ ಪ್ರಕಾರ ಬರದಿದ್ದರೆ ಅದು ದೋಷವೇ ಅಲ್ಲ, ಜಾಲದ ಸ್ವಭಾವ. ಉಲ್ಟಾ, ಕ್ಯೂ ಕೂಡ ಅಚ್ಚುಕಟ್ಟಾಗಿ ರೇಟಿಂಗ್ ಪ್ರಕಾರ ಬಂತು ಅಂದರೆ ನನಗೆ ಅನುಮಾನ. ಎಲ್ಲ ವೋಲ್ಟೇಜ್‌ಗಳೂ ಒಂದೇ ಅಂತ ಎಲ್ಲೋ ಬರೆದುಬಿಟ್ಟಿರಬಹುದು.

ಮಿಸ್‌ಮ್ಯಾಚ್ ಸಾಲನ್ನು ಓದುವುದು

ಈಗ ಕನ್ವರ್ಜ್ ಆಗದ ಕೇಸಿಗೆ ಬರೋಣ. ಇಟರೇಶನ್ ಸಂಖ್ಯೆ ಹೆಚ್ಚಿಸಿ ನೋಡೋಣ ಅನ್ನುವುದು ಎಲ್ಲರೂ ಮಾಡುವ ಮೊದಲ ಕೆಲಸ. ಅದರಿಂದ ಏನೂ ಸಿಗಲ್ಲ. ಬದಲಿಗೆ ಪ್ರತಿ ಸುತ್ತಿನ ದೊಡ್ಡ ಮಿಸ್‌ಮ್ಯಾಚ್ ಪ್ರಿಂಟ್ ಮಾಡಿ, ಆ ಸಾಲನ್ನು ಓದಿ. ಮಿಸ್‌ಮ್ಯಾಚ್ ಅಂದರೆ ಬಸ್‌ಗೆ ಬರುವ ಮತ್ತು ಬಸ್‌ನಿಂದ ಹೋಗುವ ಪವರ್ ನಡುವಿನ ವ್ಯತ್ಯಾಸ.

ಆರೋಗ್ಯವಾಗಿರುವ ನ್ಯೂಟನ್ ವಿಧಾನದಲ್ಲಿ ಉತ್ತರದ ಹತ್ತಿರ ಬಂದಂತೆ ಸರಿಯಾದ ಅಂಕೆಗಳು ಪ್ರತಿ ಸುತ್ತಿಗೆ ಎರಡು ಪಟ್ಟಾಗುತ್ತವೆ. 0.1, 0.01, 0.0001, ಆಮೇಲೆ 0.00000001. ಇಷ್ಟು ಚುರುಕಾಗಿ ಇಳಿಯುತ್ತಿಲ್ಲ ಅಂದರೆ ಜಾಕೋಬಿಯನ್‌ನಲ್ಲಿ ಏನೋ ತಪ್ಪಿದೆ. ಜಾಕೋಬಿಯನ್ ಅಂದರೆ ಒಂದೊಂದು ಅಜ್ಞಾತ ಸ್ವಲ್ಪ ಬದಲಾದರೆ ಮಿಸ್‌ಮ್ಯಾಚ್ ಎಷ್ಟು ಬದಲಾಗುತ್ತದೆ ಅಂತ ಹೇಳುವ ಮ್ಯಾಟ್ರಿಕ್ಸ್.

ಐಲ್ಯಾಂಡ್ ಲೆಕ್ಕದಲ್ಲಿ ಫ್ರೀಕ್ವೆನ್ಸಿಯೂ ಒಂದು ಅಜ್ಞಾತ. ಅದಕ್ಕೆ ಜಾಕೋಬಿಯನ್‌ನಲ್ಲಿ ಒಂದು ಹೊಸ ಕಾಲಮ್ ಬರುತ್ತದೆ. ಹಳೆಯ ಕೋಡ್‌ಗೆ ನಾವು ಸೇರಿಸಿದ ಹೊಸ ಭಾಗ ಅದೇ. ತಪ್ಪೂ ಅಲ್ಲೇ ಆಗುತ್ತದೆ. ಚಂದ ಏನಂದರೆ, ಆ ಕಾಲಮ್ ಎಷ್ಟು ಪಟ್ಟು ತಪ್ಪಿದೆ ಅನ್ನುವುದನ್ನು ಮಿಸ್‌ಮ್ಯಾಚ್ ಸಾಲೇ ಹೇಳುತ್ತದೆ. ಕಾಲಮ್ ಎರಡು ಪಟ್ಟು ದೊಡ್ಡದಾಗಿದ್ದರೆ ಫ್ರೀಕ್ವೆನ್ಸಿ ಪ್ರತಿ ಸುತ್ತಿಗೆ ಅರ್ಧ ದಾರಿ ಮಾತ್ರ ನಡೆಯುತ್ತದೆ, ತಪ್ಪು ಅರ್ಧರ್ಧ ಇಳಿಯುತ್ತದೆ. 6.28 ಪಟ್ಟು ದೊಡ್ಡದಾಗಿದ್ದರೆ ತಪ್ಪು ಪ್ರತಿ ಸುತ್ತಿಗೆ 0.84 ಪಟ್ಟಾಗುತ್ತಾ ಆಮೆಯಂತೆ ಇಳಿಯುತ್ತದೆ. ಚಿಹ್ನೆ ಉಲ್ಟಾ ಆಗಿದ್ದರೆ ಫ್ರೀಕ್ವೆನ್ಸಿ ಉತ್ತರದಿಂದ ದೂರ ಓಡುತ್ತದೆ, ತಪ್ಪು ಹೆಚ್ಚುಕಡಿಮೆ ಎರಡೆರಡು ಪಟ್ಟಾಗುತ್ತಾ ಹೋಗುತ್ತದೆ. ಒಮ್ಮೆ ನನ್ನ ಸ್ಕ್ರೀನ್‌ನಲ್ಲಿ 0.6, 1.2, 2.4, 4.8 ಅಂತ ಸಾಲು ಬಂದಾಗ ಕೋಡ್‌ನಲ್ಲಿ ಹುಡುಕಿದ್ದು ಒಂದೇ ಒಂದು ಮೈನಸ್ ಚಿಹ್ನೆ. ಫ್ರೀಕ್ವೆನ್ಸಿ ಏರಿದರೆ ಡ್ರೂಪ್ ಇನ್ವರ್ಟರ್ ಪವರ್ ಇಳಿಸುತ್ತದೆ, ಹಾಗಾಗಿ ಅಲ್ಲಿ ಮೈನಸ್ ಇರಲೇಬೇಕು.

ಅನುಮಾನ ಉಳಿದರೆ ಜಾಕೋಬಿಯನ್‌ನ್ನು ಸಂಖ್ಯೆಯಲ್ಲೇ ಪರೀಕ್ಷಿಸಿ. ಒಂದೊಂದೇ ಅಜ್ಞಾತವನ್ನು 0.00001ರಷ್ಟು ಅಲ್ಲಾಡಿಸಿ, ಮಿಸ್‌ಮ್ಯಾಚ್ ಎಷ್ಟು ಬದಲಾಯಿತು ಅಂತ ನೋಡಿ, ಅದನ್ನು ನಿಮ್ಮ ಕಾಲಮ್ ಜೊತೆ ಹೋಲಿಸಿ. ಬೇಜಾರಿನ ಕೆಲಸ, ಆದರೆ ಒಮ್ಮೆ ಮಾಡಿದರೆ ಸಾಕು.

ಇಲ್ಲಿ ಒಂದು ವ್ಯತ್ಯಾಸ ಗಟ್ಟಿಯಾಗಿ ನೆನಪಿಡಿ. ಜಾಕೋಬಿಯನ್ ತಪ್ಪಾಗಿದ್ದರೆ ಲೆಕ್ಕ ನಿಧಾನವಾಗುತ್ತದೆ ಅಥವಾ ಸಿಡಿಯುತ್ತದೆ. ಕನ್ವರ್ಜ್ ಆಯಿತು ಅಂದರೆ ಉತ್ತರ ಸರಿಯೇ. ಮಿಸ್‌ಮ್ಯಾಚ್ ಸೂತ್ರವೇ ತಪ್ಪಾಗಿದ್ದರೆ ಲೆಕ್ಕ ಚುರುಕಾಗಿಯೇ ಮುಗಿಯಬಹುದು, ಉತ್ತರ ಮಾತ್ರ ಬೇರೆ ಯಾವುದೋ ಜಾಲದ್ದು. ಉದಾಹರಣೆಗೆ, ತಂತಿಯ ರಿಯಾಕ್ಟನ್ಸ್ ಫ್ರೀಕ್ವೆನ್ಸಿ ಜೊತೆ ಬದಲಾಗುತ್ತದೆ. ಇದನ್ನು ಜಾಕೋಬಿಯನ್‌ನಲ್ಲಿ ಬಿಟ್ಟರೂ ನಡೆಯುತ್ತದೆ, ಒಂದೆರಡು ಸುತ್ತು ಜಾಸ್ತಿ ಅಷ್ಟೇ. ತಂತಿಗಳ ಗುಣವನ್ನೆಲ್ಲ ಬರೆದಿಡುವ ಅಡ್ಮಿಟನ್ಸ್ ಮ್ಯಾಟ್ರಿಕ್ಸ್‌ನಲ್ಲೇ ಬಿಟ್ಟರೆ ಉತ್ತರ ತಪ್ಪುತ್ತದೆ. ಎಷ್ಟು ತಪ್ಪುತ್ತದೆ? 50ರಿಂದ 49.4ಕ್ಕೆ ರಿಯಾಕ್ಟನ್ಸ್ 1.2 ಪರ್ಸೆಂಟ್ ಇಳಿಯುತ್ತದೆ. ಹಾಗಾಗಿ 20 ಪರ್ಸೆಂಟ್ ವ್ಯತ್ಯಾಸ ಬಂದಾಗ ಇದರ ಮೇಲೆ ಗೂಬೆ ಕೂರಿಸಬೇಡಿ.

ಮ್ಯಾಟ್ರಿಕ್ಸ್ ಸಿಂಗ್ಯುಲರ್ ಅಂದಾಗ

ಸಿಂಗ್ಯುಲರ್ ಅಂದರೆ ಜಾಕೋಬಿಯನ್‌ನಿಂದ ಒಂದೇ ಒಂದು ಉತ್ತರ ಹೊರಡುವುದಿಲ್ಲ ಅಂತ ಅರ್ಥ. ಮೊದಲು ತಲೆ ಎಣಿಸಿ. ಬಸ್‌ಗಳ ಸಂಖ್ಯೆ 10 ಇದ್ದರೆ ಸಮೀಕರಣ 20: ಪ್ರತಿ ಬಸ್‌ಗೂ ಪಿ ಒಂದು, ಕ್ಯೂ ಒಂದು. ಅಜ್ಞಾತಗಳು: 10 ವೋಲ್ಟೇಜ್, 9 ಕೋನ (ವೋಲ್ಟೇಜ್ ಅಲೆ ಎಷ್ಟು ಹಿಂದೆ ಮುಂದೆ ಇದೆ ಅನ್ನುವುದು), 1 ಫ್ರೀಕ್ವೆನ್ಸಿ. ಒಟ್ಟು 20. ಒಂದು ಬಸ್‌ನ ಕೋನವನ್ನು ಸೊನ್ನೆ ಅಂತ ಹಿಡಿದದ್ದರಿಂದ ಅಲ್ಲಿ 9. ಸ್ಲ್ಯಾಕ್ ತೆಗೆದುಹಾಕುವ ಭರದಲ್ಲಿ ಈ ಕೋನದ ರೆಫರೆನ್ಸನ್ನೂ ಕಿತ್ತುಹಾಕುವವರಿದ್ದಾರೆ. ರೆಫರೆನ್ಸ್ ಕೋನ ಬೇಕೇ ಬೇಕು. ಅದು ಅಳತೆ ಶುರು ಮಾಡುವ ಜಾಗ ಮಾತ್ರ, ಆ ಬಸ್‌ನ ವೋಲ್ಟೇಜ್ ಆಗಲಿ ಪವರ್ ಆಗಲಿ ಅದರಿಂದ ಕಟ್ಟಿಹಾಕಿದಂತೆ ಆಗುವುದಿಲ್ಲ.

ಎಣಿಕೆ ಸರಿಯಿದ್ದೂ ಸಿಂಗ್ಯುಲರ್ ಅಂದರೆ ಸೊನ್ನೆಗೆ ಹತ್ತಿರದ ಸಿಂಗ್ಯುಲರ್ ಮೌಲ್ಯ ಯಾವುದು ಅಂತ ನೋಡಿ, ಅದರ ವೆಕ್ಟರ್ ಪ್ರಿಂಟ್ ಮಾಡಿ. ಇದು ನನಗೆ ತುಂಬ ಇಷ್ಟವಾದ ಉಪಾಯ, ಯಾಕೆಂದರೆ ವೆಕ್ಟರ್ ಬೆರಳು ಮಾಡಿ ತೋರಿಸುತ್ತದೆ. ಎಲ್ಲ ಕೋನಗಳ ಜಾಗದಲ್ಲೂ ಒಂದೇ ಅಂಕೆ, ಉಳಿದೆಡೆ ಸೊನ್ನೆ ಅಂದರೆ ಕೋನಕ್ಕೆ ರೆಫರೆನ್ಸ್ ಇಲ್ಲ. ನಾಲ್ಕೈದು ಬಸ್‌ಗಳಲ್ಲಿ ಮಾತ್ರ ಅಂಕೆಗಳಿದ್ದರೆ ಆ ಬಸ್‌ಗಳು ಜಾಲದಿಂದ ತುಂಡಾಗಿವೆ. ಯಾವುದೋ ಸ್ವಿಚ್ ತೆರೆದಿದೆ, ಆ ತುಂಡಿನಲ್ಲಿ ಗ್ರಿಡ್ ಕಟ್ಟಿಕೊಡುವ ಸೋರ್ಸ್ ಇಲ್ಲ. ಅಂಕೆಯೆಲ್ಲ ಫ್ರೀಕ್ವೆನ್ಸಿಯ ಜಾಗದಲ್ಲೇ ಕೂತಿದ್ದರೆ ಫ್ರೀಕ್ವೆನ್ಸಿ ಬದಲಾದರೂ ಕೇಳುವವರು ಯಾರೂ ಇಲ್ಲ ಅಂತ ಅರ್ಥ.

ಕೊನೆಯದು ಎರಡು ರೀತಿ ಆಗುತ್ತದೆ. ಎಲ್ಲ ಇನ್ವರ್ಟರ್‌ಗಳೂ ಮಿತಿ ತಾಗಿ ನಿಂತಿರಬಹುದು. ಅಥವಾ ಡ್ರೂಪ್‌ಗೆ ಡೆಡ್‌ಬ್ಯಾಂಡ್ ಕೊಟ್ಟಿದ್ದು, ಎಲ್ಲರೂ ಒಟ್ಟಿಗೆ ಅದರೊಳಗೆ ಕೂತಿರಬಹುದು. ಡೆಡ್‌ಬ್ಯಾಂಡ್ ಒಳಗೆ ಪವರ್ ಬದಲಾಗುವುದಿಲ್ಲ, ಹಾಗಾಗಿ ಫ್ರೀಕ್ವೆನ್ಸಿ ಎಷ್ಟು ಅಂತ ಹೇಳುವುದಕ್ಕೆ ದಾರಿಯೇ ಇಲ್ಲ. ಮೊದಲ ಊಹೆ 50 ಹರ್ಟ್ಸ್ ಇಟ್ಟರೆ ಡೆಡ್‌ಬ್ಯಾಂಡ್ ಒಳಗೇ ಶುರುವಾಗಿ ಮೊದಲ ಸುತ್ತಿನಲ್ಲೇ ನಿಲ್ಲುತ್ತದೆ. ಕೈಲೆಕ್ಕದ 49.4 ಇಟ್ಟು ಶುರು ಮಾಡಿ.

ಡ್ರೂಪ್ ಗುಣಾಂಕ ಸೊನ್ನೆ ಇರುವ ಯೂನಿಟ್ ಇದ್ದರೆ ಸೂತ್ರ ಬರೆದ ರೀತಿ ನೋಡಿ. ಗುಣಾಂಕದಿಂದ ಭಾಗಿಸುವ ಹಾಗೆ ಬರೆದಿದ್ದರೆ ಸೊನ್ನೆಯಿಂದ ಭಾಗಾಕಾರ. ಗುಣಿಸುವ ಹಾಗೆ ಬರೆದರೆ ತೊಂದರೆ ಇಲ್ಲ. ಆದರೆ ಒಂದೇ ಐಲ್ಯಾಂಡ್‌ನಲ್ಲಿ ಇಂಥವು ಎರಡಿದ್ದರೆ ಒಬ್ಬನ ಲೋಡನ್ನು ಇನ್ನೊಬ್ಬನಿಗೆ ಎಷ್ಟು ಬೇಕಾದರೂ ಸರಿಸಬಹುದು, ಉತ್ತರಕ್ಕೆ ಕೊನೆಯೇ ಇಲ್ಲ. ಇದು ಕೋಡ್ ದೋಷ ಅಲ್ಲ. ನಿಜವಾದ ಜಾಲದಲ್ಲೂ ಆ ಎರಡು ಯಂತ್ರಗಳು ಹೊಡೆದಾಡುತ್ತವೆ.

ಮಿತಿಯ ಹತ್ತಿರ ಕುಣಿಯುವ ಇನ್ವರ್ಟರ್

ಮಿಸ್‌ಮ್ಯಾಚ್ ಚೆನ್ನಾಗಿ ಇಳಿಯುತ್ತಾ ಬಂದು, ಇದ್ದಕ್ಕಿದ್ದಂತೆ ಜಿಗಿದು, ಮತ್ತೆ ಇಳಿದು, ಮತ್ತೆ ಜಿಗಿದರೆ ಯಾವುದೋ ಇನ್ವರ್ಟರ್ ಮಿತಿ ತಾಗಿ ಒಳಗೆ ಹೊರಗೆ ಆಡುತ್ತಿದೆ. ನಮ್ಮ ಜಾಲದಲ್ಲಿ 20 ಕಿಲೋವ್ಯಾಟ್‌ನ ಇನ್ವರ್ಟರ್‌ಗೆ ಬ್ಯಾಟರಿ ಸುಸ್ತಾಗಿ 10 ಕಿಲೋವ್ಯಾಟ್ ಮಿತಿ ಹಾಕಿದ್ದೇವೆ ಅನ್ನಿ. ಲೋಡ್ 60. ಡ್ರೂಪ್ ಪ್ರಕಾರ 12 ಬರುತ್ತದೆ, ಮಿತಿ ದಾಟಿತು. ಅದನ್ನು 10ಕ್ಕೆ ಕಟ್ಟಿ ಪಿಕ್ಯೂ ಬಸ್ ಮಾಡುತ್ತೀರಿ. ಉಳಿದ 50ನ್ನು ಇಬ್ಬರು ಹೊರುತ್ತಾರೆ. ಫ್ರೀಕ್ವೆನ್ಸಿ 49.375, ಹಂಚಿಕೆ 31.25 ಮತ್ತು 18.75.

ಈಗ ಪ್ರೋಗ್ರಾಮ್ ಕೇಳುವ ಪ್ರಶ್ನೆ: 20ರ ಇನ್ವರ್ಟರ್ ಬಿಡುಗಡೆ ಮಾಡಬೇಕಾ? ಅದರ ಈಗಿನ ಪವರ್ 10, ಮಿತಿಯೂ 10, ಮಿತಿ ದಾಟಿಲ್ಲ, ಬಿಡೋಣ ಅಂತ ಬರೆದ ಕೋಡ್ ನೋಡಿದ್ದೇನೆ. ಬಿಟ್ಟರೆ ಮತ್ತೆ 12. ಹೀಗೆ ಸಾಯುವ ತನಕ ಕುಣಿತ. ಕೇಳಬೇಕಾದ ಪ್ರಶ್ನೆ ಬೇರೆ: ಈಗಿನ ಫ್ರೀಕ್ವೆನ್ಸಿಯಲ್ಲಿ ಇದರ ಡ್ರೂಪ್ ಎಷ್ಟು ಕೇಳುತ್ತಿದೆ? 49.375ರಲ್ಲಿ ಅದು 12.5 ಕೇಳುತ್ತದೆ. ಮಿತಿಗಿಂತ ಮೇಲಿದೆ, ಹಾಗಾಗಿ ಕಟ್ಟಿದಲ್ಲೇ ಇರಲಿ. ಡ್ರೂಪ್ ಬೇಡಿಕೆ 10ಕ್ಕಿಂತ ಸ್ವಲ್ಪ ಕೆಳಗೆ ಬಂದಾಗ ಮಾತ್ರ ಬಿಡಿ. ಒಂದು ಸಲಕ್ಕೆ ಒಂದೇ ಯೂನಿಟ್ ಬದಲಿಸಿ. ಅದೂ ಒಳಗಿನ ಲೆಕ್ಕ ಕನ್ವರ್ಜ್ ಆದ ಮೇಲೆ.

ರೇಟಿಂಗ್ ಕೆವಿಎಯಲ್ಲಿದ್ದರೆ ಪಿ ಮತ್ತು ಕ್ಯೂ ಎರಡನ್ನೂ ಬಿಡಿಬಿಡಿಯಾಗಿ ನೋಡಿದರೆ ಸಾಲದು. 18 ಕಿಲೋವ್ಯಾಟ್, 15 ಕೆವಿಎಆರ್ ಎರಡೂ 20ರ ಒಳಗಿವೆ. ಸೇರಿದರೆ 23.4 ಕೆವಿಎ. ಮೊದಲು ಯಾವುದನ್ನು ಕತ್ತರಿಸುತ್ತದೆ ಅನ್ನುವುದು ಆ ಇನ್ವರ್ಟರ್‌ನ ಸೆಟ್ಟಿಂಗ್. ಮಾಡೆಲ್‌ನಲ್ಲೂ ಅದೇ ಇರಬೇಕು.

ಇನ್ನು ಲೋಡ್ 110 ಕೊಟ್ಟು ನೋಡಿ. ಒಟ್ಟು ಸಾಮರ್ಥ್ಯವೇ 100. ಒಬ್ಬೊಬ್ಬರಾಗಿ ಮೂವರೂ ಮಿತಿ ತಾಗಿ ಮ್ಯಾಟ್ರಿಕ್ಸ್ ಸಿಂಗ್ಯುಲರ್ ಆಗುತ್ತದೆ. ಸಾಲ್ವರ್ ಕೆಟ್ಟಿಲ್ಲ. ಸರಿಯಾದ ಉತ್ತರವನ್ನೇ ಹೇಳುತ್ತಿದೆ: ಈ ಜಾಲ ಈ ಲೋಡ್‌ನಲ್ಲಿ ನಿಲ್ಲುವುದಿಲ್ಲ. ಸೈಟ್‌ನಲ್ಲಿ ಇದೇ ಹೊತ್ತಿಗೆ ಅಂಡರ್ ಫ್ರೀಕ್ವೆನ್ಸಿ ರಿಲೇ ಲೋಡ್ ಕಳಚುತ್ತಿರುತ್ತದೆ.

ತೆಳು ಕೇಬಲ್, ಎರಡು ಉತ್ತರ

ಲೋ ವೋಲ್ಟೇಜ್ ತಂತಿಗಳಲ್ಲಿ ರೆಸಿಸ್ಟನ್ಸ್ ಜಾಸ್ತಿ, ರಿಯಾಕ್ಟನ್ಸ್ ಕಡಿಮೆ. ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕೊಡುವ ಅಂಕೆ ಕಿಲೋಮೀಟರಿಗೆ 0.642 ಓಮ್ ರೆಸಿಸ್ಟನ್ಸ್, 0.083 ಓಮ್ ರಿಯಾಕ್ಟನ್ಸ್. ಅನುಪಾತ 7.7. ಹೈ ವೋಲ್ಟೇಜ್ ಲೈನ್‌ಗೆ ಇದು 0.31 ಅಷ್ಟೇ. 1974ರಲ್ಲಿ ಬಂದ ಫಾಸ್ಟ್ ಡಿಕಪಲ್ಡ್ ವಿಧಾನ ರಿಯಾಕ್ಟನ್ಸೇ ಜಾಸ್ತಿ ಅನ್ನುವ ನಂಬಿಕೆಯ ಮೇಲೆ ನಿಂತದ್ದು. ಅದನ್ನು ಇಲ್ಲಿ ಓಡಿಸಿ ಕನ್ವರ್ಜ್ ಆಗಲಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. ಪೂರ್ತಿ ನ್ಯೂಟನ್ ಬಳಸಿ.

ಇನ್ನೊಂದು ವಿಚಿತ್ರ ಇದೆ. ಮೇಲಿನ ಕೇಬಲ್ 500 ಮೀಟರ್, 0.321 ಓಮ್. ಒಂದು ತುದಿಯಲ್ಲಿ 400 ವೋಲ್ಟ್, ಇನ್ನೊಂದು ತುದಿಯಲ್ಲಿ 60 ಕಿಲೋವ್ಯಾಟ್ ಸ್ಥಿರ ಪವರ್ ಲೋಡ್, ಪವರ್ ಫ್ಯಾಕ್ಟರ್ 1. ರಿಯಾಕ್ಟನ್ಸ್ ಬಿಟ್ಟು ಲೆಕ್ಕ ಹಾಕಿದರೆ ವರ್ಗ ಸಮೀಕರಣ ಬರುತ್ತದೆ. ಅದಕ್ಕೆ ಎರಡು ಉತ್ತರ: 344 ವೋಲ್ಟ್ ಮತ್ತು 56 ವೋಲ್ಟ್. ಎರಡೂ ಸಮೀಕರಣಕ್ಕೆ ಸರಿ. 56 ವೋಲ್ಟ್‌ನಲ್ಲಿ ಯಾವ ಲೋಡೂ ಓಡುವುದಿಲ್ಲ. ಮೊದಲ ಊಹೆ ಕೆಟ್ಟದಾಗಿದ್ದರೆ ಸಾಲ್ವರ್ ಈ ಎರಡನೆಯದಕ್ಕೆ ಹೋಗಿ ಕೂರಬಹುದು. 0.5 ಪರ್ ಯೂನಿಟ್‌ಗಿಂತ ಕೆಳಗಿನ ವೋಲ್ಟೇಜ್ ಎಲ್ಲೇ ಕಂಡರೂ ಎಲ್ಲ ವೋಲ್ಟೇಜ್ 1, ಎಲ್ಲ ಕೋನ ಸೊನ್ನೆ ಇಟ್ಟು ಮತ್ತೆ ಓಡಿಸಿ. ಅದೇ ಕೇಬಲ್‌ನಲ್ಲಿ 125 ಕಿಲೋವ್ಯಾಟ್ ಕೇಳಿದರೆ ಉತ್ತರವೇ ಇಲ್ಲ. ಅದರ ಮಿತಿ 124.6.

344 ಕೂಡ 0.86 ಪರ್ ಯೂನಿಟ್, ಚೆನ್ನಾಗೇನಿಲ್ಲ. ಅಂಥಲ್ಲಿ ಲೋಡ್ ಮಾಡೆಲ್ ಮುಖ್ಯವಾಗುತ್ತದೆ. ಸ್ಥಿರ ಪವರ್ ಅಂತ ಹಿಡಿದರೆ ವೋಲ್ಟೇಜ್ ಇಳಿದಷ್ಟೂ ಕರೆಂಟ್ ಏರುತ್ತದೆ. ಹೀಟರ್ ಹಾಗೆ ಮಾಡುವುದಿಲ್ಲ.

ಸ್ವೀಪ್ ವಿಧಾನದವರಿಗೆ ಒಂದು ಮಾತು

ರೇಡಿಯಲ್ ಜಾಲಕ್ಕೆ, ಅಂದರೆ ಮರದಂತೆ ಕವಲೊಡೆದ ಜಾಲಕ್ಕೆ, ಬ್ಯಾಕ್‌ವರ್ಡ್ ಫಾರ್ವರ್ಡ್ ಸ್ವೀಪ್ (ತುದಿಯಿಂದ ಬೇರಿಗೆ ಕರೆಂಟ್, ಬೇರಿನಿಂದ ತುದಿಗೆ ವೋಲ್ಟೇಜ್ ಲೆಕ್ಕ ಹಾಕುವ ವಿಧಾನ) ಬಳಸುವವರು ಬೇರಿನ ಬಸ್‌ನ ವೋಲ್ಟೇಜನ್ನು 1ಕ್ಕೆ ಕಟ್ಟಿ ಮರೆಯುತ್ತಾರೆ. ಅದು ಸ್ಲ್ಯಾಕ್ ಬಸ್ಸೇ, ವೇಷ ಬೇರೆ. ಪ್ರತಿ ಸ್ವೀಪ್ ಆದ ಮೇಲೆ ಬೇರಿನ ವೋಲ್ಟೇಜನ್ನು ಅದರ ಕ್ಯೂ ಡ್ರೂಪ್‌ನಿಂದ, ಫ್ರೀಕ್ವೆನ್ಸಿಯನ್ನು ಪವರ್ ಕೊರತೆಯಿಂದ ತಿದ್ದಬೇಕು.

ಯಾವ ವಿಧಾನವೇ ಇರಲಿ, ಬೇಸಿಕ್ ಎಂಜಿನ್ ಸರಿಯಿದೆಯಾ ಅಂತ ನೋಡಲು 1989ರಿಂದ ಬಳಕೆಯಲ್ಲಿರುವ 33 ಬಸ್‌ನ 12.66 ಕೆವಿ ಪರೀಕ್ಷಾ ಜಾಲ ಒಳ್ಳೆಯದು. ಬಸ್ 1ರಲ್ಲಿ ಒಂದೇ ಯೂನಿಟ್ ಇಟ್ಟು ಅದರ ಎರಡೂ ಡ್ರೂಪ್ ಸೊನ್ನೆ ಮಾಡಿ, ವೋಲ್ಟೇಜ್ 1 ಕೊಡಿ. ಸ್ಥಿರ ಪವರ್ ಲೋಡ್‌ಗೆ ನಷ್ಟ ಸುಮಾರು 202.7 ಕಿಲೋವ್ಯಾಟ್, ಬಸ್ 18ರಲ್ಲಿ ಕಡಿಮೆ ವೋಲ್ಟೇಜ್ 0.913 ಬರಬೇಕು. ಬಂದರೆ ತಂತಿ, ಲೋಡ್, ಬೇಸ್ ಎಲ್ಲ ಸರಿ. ಇನ್ನು ಅನುಮಾನ ಡ್ರೂಪ್ ಭಾಗದ ಮೇಲೆ ಮಾತ್ರ.

ಸೈಟ್ ಅಳತೆಗೆ ಹೊಂದದಿದ್ದರೆ

ಮಾಡೆಲ್ 49.4 ಅನ್ನುತ್ತದೆ, ಮೀಟರ್ 50.0 ಅನ್ನುತ್ತದೆ. ಹಂಚಿಕೆ ಮಾತ್ರ ಹೊಂದುತ್ತದೆ. ಇಂಥಲ್ಲಿ ಸೆಕೆಂಡರಿ ಕಂಟ್ರೋಲ್ ಇದೆ ಅಂತ ಲೆಕ್ಕ. ಅದು ಡ್ರೂಪ್ ಗೆರೆಗಳನ್ನೇ ಮೇಲೆತ್ತಿ ಫ್ರೀಕ್ವೆನ್ಸಿಯನ್ನು ಮತ್ತೆ 50ಕ್ಕೆ ತಂದಿದೆ. ನೀವು ಲೆಕ್ಕ ಹಾಕಿದ್ದು ಅದಕ್ಕೂ ಮೊದಲಿನ ಕ್ಷಣದ್ದು. ಮೂರಕ್ಕೂ ಲೋಡ್ ಇಲ್ಲದ ಫ್ರೀಕ್ವೆನ್ಸಿಯನ್ನು 50.6 ಮಾಡಿ ಮತ್ತೆ ಓಡಿಸಿ.

ಪಿ ಹೊಂದುತ್ತದೆ, ಕ್ಯೂ ಹೊಂದುವುದಿಲ್ಲ ಅಂದರೆ ನಾನು ಮೊದಲು ಕೇಳುವುದು ವರ್ಚುವಲ್ ಇಂಪಿಡೆನ್ಸ್ ಬಗ್ಗೆ. ಇನ್ವರ್ಟರ್ ಒಳಗೆ ತಂತಿಯೇ ಇಲ್ಲದ ಒಂದು ಇಂಪಿಡೆನ್ಸನ್ನು ಸಾಫ್ಟ್‌ವೇರ್‌ನಲ್ಲಿ ನಟಿಸುತ್ತಾರೆ. ಅದರಲ್ಲಿ ವೋಲ್ಟೇಜ್ ಇಳಿಯುತ್ತದೆ, ಪವರ್ ನಷ್ಟ ಮಾತ್ರ ಆಗುವುದಿಲ್ಲ. ನಿಜವಾದ ರೆಸಿಸ್ಟನ್ಸ್ ಥರ ಜಾಲಕ್ಕೆ ಸೇರಿಸಿದರೆ ಇಲ್ಲದ ನಷ್ಟ ಬರುತ್ತದೆ. ವೋಲ್ಟೇಜ್ ರೆಫರೆನ್ಸ್‌ನಿಂದ ಕಳೆಯಬೇಕು. ಆಮೇಲೆ ಅಳತೆಯ ಜಾಗ ನೋಡಿ. ಡ್ರೂಪ್‌ಗೆ ಕ್ಯೂ ಅಳೆಯುವುದು ಫಿಲ್ಟರ್‌ನ ಯಾವ ಬದಿಯಲ್ಲಿ? ಫಿಲ್ಟರ್ ಕೆಪಾಸಿಟರ್ ಕೊಡುವ ಕೆವಿಎಆರ್ ಒಂದು ಕಡೆ ಸೇರಿ ಇನ್ನೊಂದು ಕಡೆ ಬಿಟ್ಟಿದ್ದರೆ ವ್ಯತ್ಯಾಸ ಲೋಡ್ ಎಷ್ಟೇ ಇದ್ದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದೇ ಅದರ ಗುರುತು.

ಪಿ ಕೂಡ ಹೊಂದುತ್ತಿಲ್ಲ, ದೂರದ ಇನ್ವರ್ಟರ್ ಕಡಿಮೆ ಕೊಡುತ್ತಿದೆ ಅಂದರೆ ಡ್ರೂಪ್‌ನ ಜಾತಿ ಕೇಳಿ. ರೆಸಿಸ್ಟಿವ್ ಜಾಲಗಳಲ್ಲಿ ಕೆಲವರು ಉಲ್ಟಾ ಡ್ರೂಪ್ ಹಾಕುತ್ತಾರೆ: ಪಿ ವೋಲ್ಟೇಜನ್ನು ಇಳಿಸುತ್ತದೆ, ಕ್ಯೂ ಫ್ರೀಕ್ವೆನ್ಸಿಯನ್ನು ಏರಿಸುತ್ತದೆ. ಹಾಗಿದ್ದಲ್ಲಿ ಮೊದಲು ಹಾಕಿದ ಕೈಲೆಕ್ಕ ಪಿಗೆ ಹೊಂದುವುದಿಲ್ಲ, ಕ್ಯೂಗೆ ಹೊಂದುತ್ತದೆ. ಒಟ್ಟು ಕ್ಯೂ ತೆಗೆದುಕೊಂಡು ಅದೇ ಭಾಗಾಕಾರ ಮಾಡಿ ನೋಡಿ, ಮೀಟರ್‌ನ ಫ್ರೀಕ್ವೆನ್ಸಿ ಅಲ್ಲಿ ಸಿಗುತ್ತದೆ.